ಹದಿನೆಂಟು ಅಂಗುಲ ಶೂನ್ಯ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಡಲ್ಲಾಸ್ ಪಕ್ಕದ ನಮ್ಮೂರಿನಲ್ಲಿ 104 ಡಿಗ್ರಿ ಬಿಸಿಲು. ಹೆದರಬೇಡಿ, ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ನಲವತ್ತು. ಸಿಗ್ನಲ್ಲಿನಲ್ಲಿ ನಿಂತಿದ್ದ ನನ್ನ ಟ್ರಕ್ಕಿನೊಳಗೆ ಏಸಿಯ ತಂಪು ಗಾಳಿ ಮುಖಕ್ಕೆ ಹಿತವಾಗಿ ಬಡಿಯುತ್ತಿತ್ತು. ಹಸಿರು ದೀಪ ಬಂತು. ಮುಂದಿನ ಫ್ಲೈಓವರ್ ಹತ್ತಲು ಆಕ್ಸಿಲರೇಟರ್ ಒತ್ತಿದೆ. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಯಾರೋ ‘ಉಸ್ಸಪ್ಪಾ’ ಎಂದಂತಾಯಿತು. ಅಷ್ಟೇ, ಗಾಳಿ ನನ್ನ ಮುಖ ಬಿಟ್ಟು ಮುಂದಿನ ಗಾಜಿಗೆ ಬೀಸತೊಡಗಿತು. ಫ್ಲೈಓವರ್ ಇಳಿಯುವಾಗ ಮತ್ತೆ ನನ್ನ ಕಡೆ ತಿರುಗಿತು. ಹತ್ತುವಾಗ ಮುಖ ತಿರುಗಿಸುವುದು, ಇಳಿಯುವಾಗ ಮಾತಾಡಿಸುವುದು. ಮದುವೆ ಮನೆಯಲ್ಲಿ ಮುನಿಸಿಕೊಂಡ ಭಾವಮೈದುನನ ಚಾಳಿ ಇದು.

ಟ್ರಕ್ಕು ಎಂದರೆ ಮಂಡ್ಯದ ಕಬ್ಬಿನ ಲಾರಿ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಮುಂದೆ ಇಬ್ಬರು ಮೂವರು ಕೂತು, ಹಿಂದಿನ ತೊಟ್ಟಿಯಲ್ಲಿ ಏನನ್ನೂ ಹಾಕದೆ ಓಡಾಡುವ ಗಾಡಿಗೂ ಟ್ರಕ್ಕು ಎಂದೇ ಹೆಸರು. ನನ್ನದು 1994ರದ್ದು. ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ನನ್ನ ಮಗಳಿಗಿಂತ ಹದಿಮೂರು ವರ್ಷ ಹಿರಿಯ. ಯಾವ ಕಂಪನಿಯದ್ದು ಎಂದು ಕೇಳಬೇಡಿ. ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಗಸರ ಹಾಗೆ ನಾನೂ ಅದರ ಹೆಸರು ಹೇಳುವುದಿಲ್ಲ. ಮನೆಯೊಳಗಿನ ದೂರು ಮನೆಯೊಳಗೇ ಇರಲಿ. ಹೆಂಡತಿ ಅದಕ್ಕೆ ‘ದೊಡ್ಡಪ್ಪ’ ಎಂದು ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಏಳುವಾಗ ಕೆಮ್ಮುತ್ತದೆ, ಕೂತಲ್ಲಿ ಎಣ್ಣೆ ಸುರಿಸುತ್ತದೆ, ಯಾರು ಏನು ಹೇಳಿದರೂ ತನ್ನ ದಾರಿ ಬಿಡುವುದಿಲ್ಲ. ಅವಳ ದೊಡ್ಡಪ್ಪನನ್ನು ನಾನು ಕಂಡಿದ್ದೇನೆ. ಹೆಸರು ತಪ್ಪಲ್ಲ.

ಸೆಪ್ಟೆಂಬರ್ ಹೊತ್ತಿಗೆ ದೊಡ್ಡಪ್ಪನ ಮುನಿಸು ಪೂರ್ತಿಯಾಯಿತು. ಹತ್ತುವಾಗ, ಇಳಿಯುವಾಗ, ನಿಂತಾಗ, ಯಾವಾಗಲೂ ಗಾಳಿ ಗಾಜಿಗೇ. ಗುಂಡಿ ತಿರುಗಿಸಿ ಮುಖಕ್ಕೆ ಎಂದರೂ ಗಾಜಿಗೆ, ಕಾಲಿಗೆ ಎಂದರೂ ಗಾಜಿಗೆ. ಬೆಳಿಗ್ಗೆ ಹೊರಗೆ ತೇವದ ಗಾಳಿ, ಒಳಗಿನಿಂದ ಐಸಿನಂತಾದ ಗಾಜು. ಗಾಜಿನ ಹೊರಮೈ ತುಂಬ ಹನಿಗಟ್ಟಿ ದಾರಿಯೇ ಕಾಣದು. ಚುಚ್ಚುವ ಸೂರ್ಯ, ಒಂದು ತುಂಡು ಮೋಡವಿಲ್ಲದ ಆಕಾಶ, ಅದರಡಿ ವೈಪರ್ ಹಾಕಿಕೊಂಡು ಬೆವರು ಸುರಿಸುತ್ತಾ ಹೋಗುವ ಒಬ್ಬ ಕನ್ನಡಿಗ. ಪಕ್ಕದ ಲೇನಿನವರು ಇವನಿಗೆ ಮಾತ್ರ ಎಲ್ಲಿ ಮಳೆ ಬರುತ್ತಿದೆ ಎಂದು ತಲೆ ಎತ್ತಿ ನೋಡುತ್ತಿದ್ದರು.

ಒಂದು ಗ್ಯಾರೇಜಿಗೆ ಹೋದೆ. ಗ್ಯಾಸ್ ಕಡಿಮೆಯಾಗಿದೆ ಎಂದು ಗ್ಯಾಸ್ ಹಾಕಿ ಹಣ ತೆಗೆದುಕೊಂಡರು. ಗಾಜು ಇನ್ನಷ್ಟು ತಣ್ಣಗಾಯಿತು. ಇನ್ನೊಂದು ಗ್ಯಾರೇಜಿನವನು ಗುಂಡಿ ಎರಡು ಸಲ ತಿರುಗಿಸಿ, ಕಿವಿಗೊಟ್ಟು ಕೇಳಿ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಎರಡು ದಿನದ ಕೆಲಸ, 1,400 ಡಾಲರ್ ಎಂದ. ಟ್ರಕ್ಕನ್ನು ನಾನು ಕೊಂಡಿದ್ದೇ 2,500ಕ್ಕೆ. ಯೋಚಿಸಿ ಹೇಳುತ್ತೇನೆ ಎಂದೆ. ಹೆಣ್ಣು ನೋಡಲು ಬಂದವರು ಹಾಗೆ ಹೇಳಿ ಹೋದರೆ ಏನರ್ಥವೋ ಇಲ್ಲಿಯೂ ಅದೇ ಅರ್ಥ. ಅವನಿಗೂ ತಿಳಿಯಿತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾನೆ. ಮೂವತ್ತೈದು ವರ್ಷ ಶಾಲಾ ಬಸ್ಸುಗಳ ರಿಪೇರಿ ಮಾಡಿ ನಿವೃತ್ತನಾದವನು. ನನ್ನನ್ನು ಪ್ರೀತಿಯಿಂದ ‘ಬಡ್ಡಿ’ ಎಂದು ಕರೆಯುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಗೆಳೆಯ ಎಂದರ್ಥ ಎಂಬುದು ನನ್ನ ತಲೆಗೆ ಗೊತ್ತು. ನಾಗಮಂಗಲದ ಕಡೆ ಬೆಳೆದ ನನ್ನ ಕಿವಿಗೆ ಗೊತ್ತಿಲ್ಲ. ಅವನು ‘ಬಡ್ಡಿ’ ಎಂದಾಗಲೆಲ್ಲ ಮುಂದಿನ ‘ಮಗ’ ಇನ್ನೇನು ಬಂತು ಎಂದು ಹತ್ತು ವರ್ಷದಿಂದ ಕಾಯುತ್ತಿದ್ದೇನೆ. ಬಂದಿಲ್ಲ. ಅವತ್ತು ಬೇಲಿಯಾಚೆಯಿಂದಲೇ ಕೇಳಿ, ಅವನು ಎರಡೇ ಶಬ್ದದಲ್ಲಿ ರೋಗ ಹೇಳಿದ: ವ್ಯಾಕ್ಯೂಮ್ ಲೀಕ್.

ಇದನ್ನು ಕನ್ನಡದಲ್ಲಿ ಹೇಳಿ ನೋಡಿ. ಶೂನ್ಯ ಸೋರುತ್ತಿದೆ! ನೀರು ಸೋರುತ್ತದೆ, ಎಣ್ಣೆ ಸೋರುತ್ತದೆ, ಪ್ರಶ್ನೆಪತ್ರಿಕೆ ಸೋರುತ್ತದೆ. ಇಲ್ಲದೇ ಇರುವುದು ಸೋರುವುದು ಹೇಗೆ? ಸೋರಿದರೆ ಎಲ್ಲಿ ಒದ್ದೆಯಾಗುತ್ತದೆ? ಹಗಲೆಲ್ಲ ಆಫೀಸಿನಲ್ಲಿ ಕುಳಿತು, ಸಾಫ್ಟ್‌ವೇರಿನಲ್ಲಿ ಇರಬಾರದ ಕಡೆ ಇರುವ ‘ನಲ್’ ಎಂಬ ಶೂನ್ಯ ಹುಡುಕುವುದು ನನ್ನ ಉದ್ಯೋಗ. ಇನ್ನು ಸಂಜೆಗೆ ಇರಬೇಕಾದ ಕಡೆ ಇಲ್ಲದಿರುವ ಶೂನ್ಯವನ್ನು ಹುಡುಕಬೇಕು. ನಮ್ಮ ಶರಣರು ಶೂನ್ಯ ಸಂಪಾದನೆ ಎಂದದ್ದು ಇದಕ್ಕಲ್ಲ ಎಂದು ಗೊತ್ತಿದ್ದೇ ರಿಪೇರಿಯ ಪುಸ್ತಕ ತರಿಸಿದೆ.

ವ್ಯವಸ್ಥೆ ಹೀಗಿದೆ. ಪೆಟ್ರೋಲ್ ಎಂಜಿನ್ನು ಓಡುವಾಗ ಗಾಳಿಗಾಗಿ ಹಪಹಪಿಸುತ್ತದೆ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿಯ ದಾರಿಗೆ ಒಂದು ಬಿಲ್ಲೆ ಅಡ್ಡ ನಿಂತಿರುತ್ತದೆ. ಎಂಜಿನ್ನು ಎಳೆಯುತ್ತದೆ, ಗಾಳಿ ಸಾಲದು, ಅದರ ಗಂಟಲಿನಲ್ಲಿ ಅರೆಶೂನ್ಯ ಹುಟ್ಟುತ್ತದೆ. ಬಿಟ್ಟಿಯಾಗಿ ಹುಟ್ಟುವ ಈ ಶೂನ್ಯಕ್ಕೆ ಸಣ್ಣ ಪೈಪು ಹಾಕಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ತಂದಿದ್ದಾರೆ. ಅಲ್ಲಿ ಗಾಳಿಯ ದಾರಿ ಬದಲಿಸುವ ಬಾಗಿಲುಗಳಿವೆ: ಹೊರಗಿನ ಗಾಳಿ ಬೇಕೋ ಒಳಗಿನದೋ ಎನ್ನುವುದಕ್ಕೊಂದು, ಮುಖಕ್ಕೋ ಗಾಜಿಗೋ ಎನ್ನುವುದಕ್ಕೊಂದು, ಕಾಲಿಗೋ ಎನ್ನುವುದಕ್ಕೊಂದು. ಒಂದೊಂದು ಬಾಗಿಲಿಗೂ ಒಂದೊಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ರಬ್ಬರಿನ ಪರದೆ. ಗುಂಡಿ ತಿರುಗಿಸಿದರೆ ಅದರ ಹಿಂದಿನ ಸ್ವಿಚ್ಚು ಯಾವ ಡಬ್ಬಿಗೆ ಶೂನ್ಯ ಹೋಗಬೇಕೆಂದು ನಿರ್ಧರಿಸುತ್ತದೆ. ವೈರಿಲ್ಲ, ಫ್ಯೂಸಿಲ್ಲ, ಮೋಟಾರಿಲ್ಲ. ಮಗಳು ನೋಡಿ, “ಅಪ್ಪ, ಇದು ಗಾಳಿಯಲ್ಲಿ ಮಾಡಿದ ಕಂಪ್ಯೂಟರ್” ಎಂದಳು. ತಿದ್ದಿದೆ: ಗಾಳಿ ಇಲ್ಲದ್ದರಲ್ಲಿ.

ಶೂನ್ಯ ಎಳೆಯುತ್ತದೆ ಎನ್ನುವುದು ಬರಿಯ ಮಾತು. ಡಬ್ಬಿಯೊಳಗಿನ ಗಾಳಿ ಹೋದಾಗ ಹೊರಗಿನ ಗಾಳಿ ಪರದೆಯನ್ನು ತಳ್ಳುತ್ತದೆ. 1650ರ ದಶಕದಲ್ಲಿ ಜರ್ಮನಿಯ ಮಾಗ್ಡೆಬುರ್ಗಿನ ಮೇಯರ್ ಓಟೊ ಫಾನ್ ಗೆರಿಕೆ ಎರಡು ಅರ್ಧಗೋಲ ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಬದಿಗೆ ಕುದುರೆಗಳನ್ನು ಕಟ್ಟಿ ಎಳೆಸಿ ಊರಿಗೆಲ್ಲ ತೋರಿಸಿದ್ದು ಇದನ್ನೇ. ನನ್ನ ಟ್ರಕ್ಕಿನ ಪರದೆ ಎರಡು ಅಂಗುಲ ಅಗಲದ್ದು. ಎಂಜಿನ್ನು ಹದಿನೆಂಟು ಅಂಗುಲ ಶೂನ್ಯ ಕೊಟ್ಟರೆ ಅದರ ಮೇಲೆ ಸುಮಾರು ಹನ್ನೆರಡು ಕಿಲೋ ಭಾರ ಕೂತಂತೆ. ಬಾಗಿಲು ತೆರೆಯಲು ಧಾರಾಳ. ಹೌದು, ಶೂನ್ಯವನ್ನು ಅಂಗುಲದಲ್ಲಿ ಅಳೆಯುತ್ತಾರೆ, ಪಾದರಸದ ಅಂಗುಲದಲ್ಲಿ. ಸಮುದ್ರಮಟ್ಟದಲ್ಲಿ ಪೂರ್ತಿ ಶೂನ್ಯಕ್ಕೆ 29.92 ಅಂಗುಲ. ಆರೋಗ್ಯವಂತ ಎಂಜಿನ್ನು ಸುಮ್ಮನೆ ಗುರುಗುಡುತ್ತಾ ನಿಂತಾಗ ಹದಿನೇಳರಿಂದ ಇಪ್ಪತ್ತೊಂದರವರೆಗೆ ಎಳೆಯುತ್ತದೆ. ಏರು ಹತ್ತಲು ಆಕ್ಸಿಲರೇಟರ್ ಪೂರಾ ತುಳಿದರೆ ಬಿಲ್ಲೆ ತೆರೆದು ಗಾಳಿ ನುಗ್ಗಿ, ಹದಿನೆಂಟಿದ್ದದ್ದು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಶೂನ್ಯ ಸೊನ್ನೆಯಾಯಿತು ಎಂದರೆ ಗಾಳಿ ತುಂಬಿತು ಎಂದರ್ಥ. ಈ ವಾಕ್ಯ ಬರೆದು ಮುಗಿಸಲು ನನಗೆ ಒಂದು ಲೋಟ ಕಾಫಿ ಬೇಕಾಯಿತು.

ಒಂದು ಕಾಲದಲ್ಲಿ ಅಮೆರಿಕದ ಕಾರುಗಳ ವೈಪರೂ ಇದೇ ಶೂನ್ಯದಿಂದ ಓಡುತ್ತಿತ್ತು. ಮಳೆಯಲ್ಲಿ ಗುಡ್ಡ ಹತ್ತುವಾಗ, ಅಂದರೆ ಸರಿಯಾಗಿ ಬೇಕಾದಾಗ, ವೈಪರ್ ನಡುಗಾಜಿನಲ್ಲಿ ನಿಂತುಬಿಡುವುದು. ಡ್ರೈವರ್ ಒಂದು ಕ್ಷಣ ಕಾಲೆತ್ತಿದರೆ ಒಂದು ಸಲ ಒರೆಸುವುದು. ಮರ್ಸಿಡಿಸ್ ಬೆಂಜ್‌ನ ಡಬ್ಲ್ಯೂ 123 ಎಂಬ ಹೆಸರಾಂತ ಮಾದರಿಯ ಡೀಸೆಲ್ ಕಾರುಗಳಲ್ಲಿ ಎಂಜಿನ್ ನಿಲ್ಲಿಸುವುದಕ್ಕೂ ಶೂನ್ಯವೇ. ಎಲ್ಲೋ ಒಂದು ಪೈಪು ಬಿರುಕು ಬಿಟ್ಟರೆ ಕೀಲಿ ತೆಗೆದು ಜೇಬಿಗೆ ಹಾಕಿ ಮನೆಯೊಳಗೆ ಬಂದರೂ ಹೊರಗೆ ಎಂಜಿನ್ನು ಓಡುತ್ತಲೇ ಇರುವುದು. ಎದ್ದೆ ಎಂದು ಹೇಳಿ ಬಾಗಿಲಲ್ಲಿ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ. ಅದನ್ನು ನೆನೆದರೆ ನನ್ನ ದೊಡ್ಡಪ್ಪ ವಾಸಿ.

ಗಾಳಿ ಗಾಜಿಗೇ ಯಾಕೆ ಹೋಗುತ್ತದೆ ಎನ್ನುವುದರಲ್ಲಿ ಮಾತ್ರ ಒಬ್ಬ ಎಂಜಿನಿಯರನ ಬುದ್ಧಿ ಇದೆ. ಶೂನ್ಯ ಪೂರ್ತಿ ಕೈಕೊಟ್ಟರೆ ಸ್ಪ್ರಿಂಗುಗಳು ಬಾಗಿಲನ್ನು ಗಾಜಿನ ಕಡೆಗೆ ತಳ್ಳುವಂತೆ ಇಟ್ಟಿದ್ದಾರೆ. ಚಳಿಗಾಲದಲ್ಲಿ ಗಾಜಿಗೆ ಮಂಜು ಹಿಡಿದರೆ ಡ್ರೈವರಿಗೆ ದಾರಿ ಕಾಣಬೇಕು. ಅವನ ಕಾಲು ಬೆಚ್ಚಗಿರುವುದು ಆಮೇಲಿನ ಮಾತು. ಮೀಟರ್ ಗೇಜ್ ಕಾಲದ ನಮ್ಮ ರೈಲುಗಳ ಬ್ರೇಕೂ ಹೀಗೆಯೇ ಇತ್ತು. ಪೈಪಿನಲ್ಲಿ ಶೂನ್ಯ ಇದ್ದರೆ ಬ್ರೇಕು ಬಿಟ್ಟಿರುತ್ತದೆ, ಯಾರಾದರೂ ಚೈನ್ ಎಳೆದರೆ ಗಾಳಿ ನುಗ್ಗಿ ಬ್ರೇಕು ಹಿಡಿಯುತ್ತದೆ. ಚೈನ್ ಎಳೆದವನು ಗದ್ದೆಯಲ್ಲಿ ಓಡುತ್ತಿದ್ದರೆ ಬೋಗಿಯ ಕೆಳಗೆ ಬುಸ್ಸೆನ್ನುತ್ತಿದ್ದ ಆ ಸದ್ದು ಕೇಳಿದವರಿಗೆ ನನ್ನ ಡ್ಯಾಶ್‌ಬೋರ್ಡಿನ ಸದ್ದು ಕೂಡಲೇ ಗುರುತು ಸಿಗುತ್ತದೆ. ನನಗೆ ಸಿಗಲಿಲ್ಲ. ಅಮೆರಿಕಕ್ಕೆ ಬಂದು ಬಹಳ ವರ್ಷವಾಯಿತು.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಡ್ಯಾಶ್‌ಬೋರ್ಡ್ ಬಿಚ್ಚಿದ್ದು. ಗಾಳಿ ತಪ್ಪು ದಾರಿ ಹಿಡಿದಿರುವುದು ಅಲ್ಲಿ, ಸದ್ದು ಬರುವುದು ಅಲ್ಲಿ, ಆದ್ದರಿಂದ ರೋಗವೂ ಅಲ್ಲೇ ಎನ್ನುವುದು ನನ್ನ ತರ್ಕ. ಹೊಟ್ಟೆನೋವು ಎಂದವನ ಹೊಟ್ಟೆಯನ್ನೇ ಮೊದಲು ಕುಯ್ದ ಹಾಗೆ. ಶನಿವಾರ ಬೆಳಿಗ್ಗೆ ಕೂತೆ. ಮೂವತ್ತೊಂದು ಸ್ಕ್ರೂ ಬಿಚ್ಚಿ ಖಾಲಿ ಮೈಸೂರುಪಾಕಿನ ಡಬ್ಬಿಗೆ ಹಾಕಿದೆ. ರೇಡಿಯೋ ಬಂತು, ಕೈಪೆಟ್ಟಿಗೆ ಬಂತು, ಅದರ ಹಿಂದಿನಿಂದ ಯಾರದೋ 1998ರ ಪೆಟ್ರೋಲ್ ರಸೀತಿ, ಮೂರು ನಾಣ್ಯ, ಕಲ್ಲಿನಂತಾದ ಒಂದು ಆಲೂಗಡ್ಡೆ ಫ್ರೈ ಬಂದವು. ಆ ಫ್ರೈಯ ಆಕಾರವೂ ಬಣ್ಣವೂ ಹಾಗೆಯೇ ಉಳಿದಿದ್ದವು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಆಲೂಗಡ್ಡೆ ಫ್ರೈ ತಿನ್ನುತ್ತಿಲ್ಲ.

ಆಮೇಲೆ ಕಂಡವು ಪೈಪುಗಳು. ಎಳನೀರಿನ ಸ್ಟ್ರಾಗಿಂತ ಸಪೂರ, ಒಂದೊಂದಕ್ಕೆ ಒಂದೊಂದು ಬಣ್ಣ, ಎಲ್ಲವೂ ಮೂವತ್ತು ಬೇಸಿಗೆಯ ಬಿಸಿಲಿಗೆ ಒಣಗಿದ ಸಂಡಿಗೆ. ಯಾವುದು ಬಿರುಕು ಬಿಟ್ಟಿದೆ ಎಂದು ನೋಡಲು ಒಂದನ್ನು ಮುಟ್ಟಿದೆ. ಅದು ಬಿಟ್ಟಿರಲಿಲ್ಲ, ಈಗ ಬಿಟ್ಟಿತು. ಅದನ್ನು ಜೋಡಿಸಲು ಹೋದಾಗ ಪಕ್ಕದ್ದು ಮುರಿಯಿತು. ಒಂದು ಸೋರಿಕೆ ಹುಡುಕಲು ಹೋದವನು ಮಧ್ಯಾಹ್ನದೊಳಗೆ ಮೂರು ಹೊಸದನ್ನು ಸ್ವಂತ ಕೈಯಿಂದ ಮಾಡಿದ್ದೆ. ಮುರಿದ ತುದಿಗಳಿಗೆಲ್ಲ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ಸರಿಮಾಡುವಷ್ಟರಲ್ಲಿ ಹೆಂಡತಿ ಬಂದು ಡಬ್ಬಿಯೊಳಗೆ ಇಣುಕಿದಳು.

“ರೀ, ಇದರಲ್ಲಿ ಎರಡು ಮೈಸೂರುಪಾಕು ಇದ್ದವಲ್ಲ?”

ಇದ್ದವು. ಸ್ಕ್ರೂಗಳ ಅಡಿಯಲ್ಲಿ ಈಗಲೂ ಇದ್ದವು.

ಬಾಗಿಲುಗಳ ಡಬ್ಬಿ ಪರೀಕ್ಷಿಸಲು ಮೀಟರ್ ಇರುವ ಕೈಪಂಪು ಬೇಕು. ಅದು ಬರಲು ಎರಡು ದಿನ. ಅಲ್ಲಿಯತನಕ ಕಾಯುವ ತಾಳ್ಮೆ ಇಲ್ಲದೆ, ಪೈಪಿನ ತುದಿಯನ್ನು ಬಾಯಿಗಿಟ್ಟು ಹೀರಿದೆ. ಮದ್ದೂರಿನ ಎಳನೀರು ಕುಡಿದು ಬೆಳೆದ ಬಾಯಿ, ಸುಮ್ಮನಲ್ಲ. ಮೂವತ್ತು ವರ್ಷದ ಧೂಳಿನ ರುಚಿ ನಾಲಿಗೆಗೆ ಬಂತು, ಜೊತೆಗೇ ಡ್ಯಾಶ್‌ಬೋರ್ಡಿನ ಆಳದಲ್ಲಿ ಟಪ್ ಎಂದು ಬಾಗಿಲು ತೆರೆದ ಸದ್ದು. ಬಿಟ್ಟರೆ ಮುಚ್ಚಿತು. ಹೀರಿದರೆ ತೆರೆಯಿತು. ನನ್ನ ಉಸಿರಿನಿಂದ ಎರಡು ಟನ್ನಿನ ಗಾಡಿಯ ಏಸಿ ನಡೆಯುತ್ತಿದೆ! ಮಗಳು ವಿಡಿಯೋ ಮಾಡುತ್ತಾ ಹೇಳಿದಳು, “ಅಪ್ಪ, ಸಾಕು ರಿಪೇರಿ. ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ಹೀರ್ತಾ ಇರು.” ಅವಳು ಆಗಷ್ಟೇ ಡ್ರೈವಿಂಗ್ ಕಲಿಯುತ್ತಿದ್ದಳು. ಹೇಗಿದ್ದರೂ ಉಸಿರು ಬಿಗಿಹಿಡಿದೇ ಕೂರುತ್ತಿದ್ದೆ.

ಹೀರಿ ಹೀರಿ ಎರಡು ಡಬ್ಬಿ ಸರಿ ಇವೆ ಎಂದು ಗೊತ್ತಾಯಿತು. ಮೂರನೆಯದು, ಕಾಲಿನ ಕಡೆಯದು, ಎಷ್ಟು ಹೀರಿದರೂ ಬರೀ ಗಾಳಿ. ಪರದೆ ಹರಿದಿತ್ತು. ಅದು ಕೂತಿರುವ ಜಾಗಕ್ಕೆ ಕೈಹಾಕಬೇಕಾದರೆ ಹೀಟರಿನ ಪೆಟ್ಟಿಗೆಯನ್ನೇ ಇಳಿಸಬೇಕು, ಅದಕ್ಕೆ ಎಂಜಿನ್ನಿನ ನೀರು ಬಸಿಯಬೇಕು, ಏಸಿಯ ಗ್ಯಾಸನ್ನು ಯಂತ್ರ ಇಟ್ಟುಕೊಂಡವರಿಂದ ತೆಗೆಸಬೇಕು. ಪಕ್ಕದ ಮನೆಯ ಅಜ್ಜನನ್ನು ಕೇಳಿದೆ. ಅವನು ಒಳಗೆ ಹೋಗಿ ಒಂದು ಮುಷ್ಟಿ ಗಾಲ್ಫ್ ಟೀ ತಂದುಕೊಟ್ಟ. ಗಾಲ್ಫ್ ಆಡುವವರು ಚೆಂಡು ಕೂರಿಸಲು ನೆಲಕ್ಕೆ ಚುಚ್ಚುವ ಮರದ ಮೊಳೆ ಅದು. ಅದರ ಚೂಪು ತುದಿ ಪೈಪಿನ ಬಾಯಿಗೆ ಅಳತೆ ತೆಗೆದು ಮಾಡಿದಂತೆ ಕೂರುತ್ತದೆ. ಈ ದೇಶದ ಮೆಕ್ಯಾನಿಕ್ಕುಗಳ ಡಬ್ಬಿಯಲ್ಲಿ ಇದು ಇರುತ್ತದಂತೆ. ಅಜ್ಜ ಜನ್ಮದಲ್ಲಿ ಗಾಲ್ಫ್ ಆಡಿದವನಲ್ಲ. ಕಾಲಿನ ಪೈಪಿಗೆ ಒಂದು ಬೆಣೆ ಹೊಡೆದೆ. ಒಂದು ಕೊಂಬೆ ಸೋರಿದರೆ ಇಡೀ ಮರದ ಶೂನ್ಯ ಹೋಗುತ್ತದೆ, ಆ ಕೊಂಬೆ ಕಟ್ಟಿದರೆ ಉಳಿದವಕ್ಕಾದರೂ ಸಿಗುತ್ತದೆ ಎಂದು ಲೆಕ್ಕ. ಎಂಜಿನ್ ಹಚ್ಚಿದೆ. ಗಾಳಿ ಗಾಜಿಗೇ ಹೋಯಿತು.

ಭಾನುವಾರ ಅಪ್ಪನ ಫೋನು. ವಾರಕ್ಕೊಂದು ಸಲ ವಿಡಿಯೋ ಕಾಲಿನಲ್ಲಿ ಅವರ ಅರ್ಧ ಹಣೆ, ಹಿಂದೆ ಜಂತೆ ಕಾಣುತ್ತದೆ. ಇವತ್ತು ಅವರಿಗೂ ನನ್ನ ಹಿಂದೆ ಬಾಯಿ ತೆರೆದ ಟ್ರಕ್ಕು ಕಂಡಿತು.

“ಏನ್ಲಾ ಅದು, ಗಾಡಿ ಕಳ್ಳು ಕಿತ್ತಾಕಿದ್ದೀಯೆ?”

ಹೇಳಿದೆ. ಶೂನ್ಯ ಸೋರುತ್ತದೆ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಎಂಜಿನ್ನು ಎಳೆಯುತ್ತದೆ, ಪೈಪಿನಲ್ಲಿ ಬರಬೇಕಾದ ಎಳೆತ ಬರುತ್ತಿಲ್ಲ ಎಂದೆ. ಹಣೆ ಒಂದು ಕ್ಷಣ ಸುಮ್ಮನಾಯಿತು.

“ಹಂಗನ್ನು ಮತ್ತೆ. ಹವಾ ಎಳೀತಾ ಅದೆ ಅನ್ನು. ಫುಟ್‌ವಾಲು ನೋಡಿದ್ಯೇನ್ಲಾ?”

ನಾನು ಅಲ್ಲಿಯೇ ಮೈಸೂರುಪಾಕಿನ ಡಬ್ಬಿಯ ಪಕ್ಕ ಕೂತೆ. ಹವಾ ಎಳೀತದೆ. ಇದು ನಮ್ಮ ಬಾವಿಯ ಪಂಪ್‌ಸೆಟ್ಟಿನ ಭಾಷೆ. ಐದು ಎಚ್‌ಪಿ ಮೋಟಾರು, ಬಾವಿಗೆ ಇಳಿಬಿಟ್ಟ ಪೈಪು, ಪೈಪಿನ ಬುಡದಲ್ಲಿ ಫುಟ್‌ವಾಲ್ವು. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದಕ್ಕೆ ಒಂದು ಎಲೆಯೋ ಕಪ್ಪೆಮರಿಯೋ ಸಿಕ್ಕಿಕೊಂಡರೆ ಪೈಪಿನ ನೀರೆಲ್ಲ ಬಾವಿಗೆ ಇಳಿದು, ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರು ಸುಮ್ಮನೆ ಕಿರುಚುವುದು. ಆಗ ಬಿಂದಿಗೆ ಬಿಂದಿಗೆ ನೀರು ಹೊಯ್ದು ಹವಾ ತೆಗೆಯುವುದು ನನ್ನ ಬಾಲ್ಯದ ಕೆಲಸ. ಪೈಪಿನ ಜಾಯಿಂಟಿನಲ್ಲಿ ಹವಾ ಎಳೆದರೆ ಸಗಣಿ ಮೆತ್ತುತ್ತಿದ್ದೆವು, ಎಳೆತಕ್ಕೆ ಸಗಣಿಯೇ ಒಳಗೆ ಹೋಗಿ ಬಿರುಕು ತುಂಬುತ್ತಿತ್ತು. ಇಂಗ್ಲಿಷಿನವರು ಇಲ್ಲದ್ದು ಹೊರಗೆ ಸೋರುತ್ತದೆ ಎನ್ನುತ್ತಾರೆ. ನಾಗಮಂಗಲದವರು ಇರುವುದು ಒಳಗೆ ನುಗ್ಗುತ್ತದೆ ಎನ್ನುತ್ತಾರೆ. ಯಾರದು ಸರಿ ಎಂದು ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿ. ನಾನು ಮೂರು ವಾರ ಇಂಗ್ಲಿಷಿನಲ್ಲಿ ಹುಡುಕಿದ್ದೆ.

ಈ ಶೂನ್ಯದ ವಿಷಯ ಶುರುವಾಗಿದ್ದೂ ಪಂಪಿನಿಂದಲೇ. 1638ರಲ್ಲಿ ಅಚ್ಚಾದ ಗೆಲಿಲಿಯೋನ ಪುಸ್ತಕದಲ್ಲಿ ನೀರೆತ್ತುವ ಒಂದು ಪಂಪಿನ ಪ್ರಸ್ತಾಪವಿದೆ. ಹದಿನೆಂಟು ಮೊಳ ದಾಟಿದರೆ ಕೂದಲೆಳೆಯಷ್ಟೂ ಮೇಲೆ ಎತ್ತುವುದಿಲ್ಲ, ಪಂಪು ಕೆಟ್ಟದ್ದಲ್ಲ, ನೀರು ಅಷ್ಟೇ ಬರುವುದು ಎಂದು ರಿಪೇರಿಯವನು ಹೇಳಿದನಂತೆ. ಅವರ ಮೊಳ ಉದ್ದ. ನಮ್ಮ ಲೆಕ್ಕಕ್ಕೆ ಸುಮಾರು 34 ಅಡಿ. ಗೆಲಿಲಿಯೋಗೆ ಅದರ ಸರಿಯಾದ ಕಾರಣ ಹೊಳೆಯಲಿಲ್ಲ. 1643ರಲ್ಲಿ ಅವನ ಶಿಷ್ಯ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದು, ಗಾಜಿನ ನಳಿಗೆಯಲ್ಲಿ ಅದು ಮೂವತ್ತಂಗುಲಕ್ಕೇ ನಿಲ್ಲುವುದನ್ನು ತೋರಿಸಿದ. ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕಿರುವವರು, ಆ ಕಡಲಿನ ಭಾರವೇ ನೀರನ್ನು ಪಂಪಿಗೆ ತಳ್ಳುವುದು ಎಂದ. ಅಪ್ಪನಿಗೆ ಇವರಿಬ್ಬರೂ ಗೊತ್ತಿಲ್ಲ. ಆದರೆ ಬಾವಿಯ ನೀರು ಇಳಿದ ಬೇಸಿಗೆಗಳಲ್ಲಿ “ಇಪ್ಪತ್ತೈದು ಅಡಿ ದಾಟುದ್ರೆ ಎತ್ತಾಕಿಲ್ಲ” ಎಂದು ಬಾವಿಯ ಗೋಡೆಯಲ್ಲಿ ಕಟ್ಟೆ ಕಡಿಸಿ ಮೋಟಾರನ್ನೇ ಕೆಳಗಿಳಿಸಿದವರು. ಪುಸ್ತಕದ 34 ಅಡಿಯಲ್ಲಿ ಪೈಪು, ಜಾಯಿಂಟು, ತಿಕ್ಕಾಟ ಎಲ್ಲ ಕಳೆದು ಉಳಿಯುವುದು ಅಷ್ಟೇ.

“ಇದಕ್ಕೂ ಫುಟ್‌ವಾಲು ಇರ್ಲೇಬೇಕು ಕಣ್ಲಾ. ಇಲ್ದಿದ್ರೆ ಎಳೆದದ್ದು ನಿಲ್ಲೋದೆಂಗೆ? ಬುಡದಿಂದ ನೋಡ್ಕೊಂಡು ಬಾ. ತುದಿಯಿಂದ ಅಲ್ಲ.”

ಬುಡ ಎಂದರೆ ಎಂಜಿನ್ನು. ಬಾನೆಟ್ ಎತ್ತಿದೆ. ಪೆಟ್ರೋಲ್ ಗಾಡಿ, ಬಾನೆಟ್ ಕೆಳಗೆ ಬೆಂಕಿ ತರಬೇಡ ಎಂದು ಅಜ್ಜ ಗದರಿದ್ದ. ಡ್ಯಾಶ್‌ಬೋರ್ಡಿನ ಪೈಪುಗಳ ಹತ್ತಿರ ನಾನು ದೇವರ ಮನೆಯ ಗಂಧದಕಡ್ಡಿ ಹಚ್ಚಿ, ಹೊಗೆ ಯಾವ ಬಿರುಕಿಗೆ ನುಗ್ಗುತ್ತದೆ ಎಂದು ನೋಡುತ್ತಿದ್ದುದನ್ನು ಅವನು ಕಂಡಿದ್ದ. ಪೂಜೆಯಾ ಎಂದು ಕೇಳಿದ್ದ. ಆಯುಧಪೂಜೆಗೆ ಇನ್ನೂ ಸಮಯವಿದೆ ಎಂದು ಹೇಳಿ, ಅದೇನೆಂದು ವಿವರಿಸುವಷ್ಟರಲ್ಲಿ ಕಡ್ಡಿ ಮುಗಿದಿತ್ತು. ಹಾಗಾಗಿ ಬಾನೆಟ್ಟಿನಡಿ ಹೊಗೆಯಿಲ್ಲ. ಒಂದು ಮೊಳ ರಬ್ಬರ್ ಟ್ಯೂಬು ತೆಗೆದುಕೊಂಡು ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಡಾಕ್ಟರ್ ಎದೆಯ ಮೇಲೆ ಇಟ್ಟು ಸರಿಸುವಂತೆ ಪೈಪಿನ ಉದ್ದಕ್ಕೂ ಸರಿಸುತ್ತಾ ಹೋದೆ. ತಿರುಗುವ ಬೆಲ್ಟಿನಿಂದ ಕೈಯನ್ನೂ ಅಂಗಿಯನ್ನೂ ದೂರ ಇಟ್ಟು. ಬ್ಯಾಟರಿಯ ಪಕ್ಕಕ್ಕೆ ಬಂದಾಗ ಕಿವಿಯಲ್ಲಿ ನಾಗರಹಾವು ಬುಸುಗುಟ್ಟಿತು.

ಅಲ್ಲಿ ಬ್ಯಾಟರಿಯ ಆಸಿಡ್ಡಿನ ಆವಿ ವರ್ಷಾನುಗಟ್ಟಲೆ ಬಡಿದು, ಪೈಪು ಕಪ್ಪು ಹಿಟ್ಟಾಗಿತ್ತು. ಗಾಳಿಯೆಲ್ಲ ಅಲ್ಲೇ ನುಗ್ಗುತ್ತಿತ್ತು. ಅದರಿಂದ ಒಂದು ಗೇಣು ಆಚೆ, ಎರಡು ಪೈಪುಗಳ ನಡುವೆ ಹೆಬ್ಬೆರಳಿನ ತುದಿಯಷ್ಟು ಒಂದು ಪ್ಲಾಸ್ಟಿಕ್ ಬಿಲ್ಲೆ. ಪುಸ್ತಕದಲ್ಲಿ ಅದರ ಹೆಸರು ಚೆಕ್ ವಾಲ್ವ್. ಬಿಚ್ಚಿ ಬಾಯಿಗಿಟ್ಟೆ. ಒಂದು ಕಡೆಯಿಂದ ಊದಿದರೆ ಹೋಯಿತು. ಇನ್ನೊಂದು ಕಡೆಯಿಂದ ಊದಿದರೆ ಹೋಗಬಾರದು. ಹೋಯಿತು. ಒಳಗಿನ ರಬ್ಬರು ಕಲ್ಲಾಗಿತ್ತು. ಫುಟ್‌ವಾಲ್ವಿಗೆ ಎಲೆ ಸಿಕ್ಕಿಕೊಂಡಿತ್ತು!

ಆಗಸ್ಟಿನ ಮುನಿಸಿನ ಗುಟ್ಟು ಆಗ ರಟ್ಟಾಯಿತು. ಎಂಜಿನ್ನು ಎಳೆದಿಟ್ಟ ಶೂನ್ಯವನ್ನು ಹಿಡಿದಿಡಲು ಬಾನೆಟ್ಟಿನಡಿ ಹಣ್ಣಿನ ರಸದ ತಗಡಿನ ಡಬ್ಬಿಯಂಥ ಒಂದು ಡಬ್ಬಿ ಇದೆ, ಶೂನ್ಯದ ಕಣಜ. ಏರು ಹತ್ತುವಾಗ ಎಂಜಿನ್ನಿನ ಎಳೆತ ಬಿದ್ದುಹೋದರೂ ಈ ಕಣಜದಲ್ಲಿದ್ದದ್ದು ಬಾಗಿಲುಗಳನ್ನು ಅಷ್ಟು ಹೊತ್ತು ಹಿಡಿದಿರಬೇಕು. ಚೆಕ್ ವಾಲ್ವ್ ಸರಿಯಿದ್ದರೆ ಕಣಜದ ಬಾಯಿ ಮುಚ್ಚಿರುತ್ತದೆ. ಕೆಟ್ಟಿದ್ದರಿಂದ ಫ್ಲೈಓವರ್ ಹತ್ತಿದಾಗೆಲ್ಲ ಕಣಜಕ್ಕೆ ಗಾಳಿ ನುಗ್ಗಿ ಬಾಗಿಲು ಗಾಜಿಗೆ ತಿರುಗುತ್ತಿತ್ತು. ಸೆಪ್ಟೆಂಬರಿನಲ್ಲಿ ಪೈಪೂ ಹೋಯಿತು, ಆಗ ಪೂರ್ತಿ ಮೌನವ್ರತ.

ಹೊಸ ಚೆಕ್ ವಾಲ್ವ್ ನಾಲ್ಕು ಡಾಲರ್. ಎರಡಡಿ ಪೈಪು ಮೂರು ಡಾಲರ್. ಬಾನೆಟ್ಟಿನಡಿ ಕೆಲಸ ಹದಿನೈದು ನಿಮಿಷ. ಡ್ಯಾಶ್‌ಬೋರ್ಡ್ ಮುಟ್ಟುವ ಅಗತ್ಯವೇ ಇರಲಿಲ್ಲ. ಅದನ್ನು ವಾಪಸು ಜೋಡಿಸಲು ಇನ್ನೊಂದು ಶನಿವಾರ ಹಿಡಿಯಿತು. ಮೂವತ್ತೊಂದು ಸ್ಕ್ರೂಗಳಲ್ಲಿ ಇಪ್ಪತ್ತೆಂಟಕ್ಕೆ ಜಾಗ ಸಿಕ್ಕಿತು. ಉಳಿದ ಮೂರಕ್ಕೆ ಸಕ್ಕರೆ ಅಂಟಿತ್ತು, ಅವನ್ನು ಕಂಪನಿಯವರು ಶಾಸ್ತ್ರಕ್ಕೆ ಹಾಕಿದ್ದಿರಬೇಕು ಎಂದು ಬಿಟ್ಟೆ.

ಅಷ್ಟರಲ್ಲಿ ಕೈಪಂಪೂ ಬಂದಿತ್ತು. ಅದರ ಮೀಟರನ್ನು ಪೈಪಿಗೆ ಸಿಕ್ಕಿಸಿ ಎಂಜಿನ್ ಹಚ್ಚಿದೆ. ಮುಳ್ಳು ಎದ್ದು, ತೂಗಾಡಿ, ಹದಿನೆಂಟರಲ್ಲಿ ನಿಂತಿತು. ಎಂಜಿನ್ ಆರಿಸಿದೆ. ಮುಳ್ಳು ಕದಲಲಿಲ್ಲ. ಕಾಫಿ ಕುಡಿದು ಬಂದೆ, ಆಗಲೂ ಹದಿನೆಂಟೇ. ಏನೂ ಇಲ್ಲದ್ದನ್ನು ಅಷ್ಟು ಹೊತ್ತು ಹಿಡಿದಿಟ್ಟ ಡಬ್ಬಿಯನ್ನು ನೋಡುತ್ತಾ ನಿಂತಿದ್ದವನನ್ನು ಹೆಂಡತಿ ಊಟಕ್ಕೆ ಮೂರು ಸಲ ಕರೆದಳಂತೆ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಟ್ರಕ್ಕಿನ ಅಡಿಯಿಂದ ತೊಟತೊಟ ನೀರು ಬೀಳುತ್ತಿತ್ತು.

“ಇನ್ನೂ ಸೋರ್ತಾ ಅದಲ್ಲೋ!”

“ಅದು ಸೋರಬೇಕಾದ್ದೇ ಅಪ್ಪ. ಏಸಿ ನೀರು. ಗಾಳಿಯಲ್ಲಿರೋ ತೇವ ತಣ್ಣಗಾಗಿ ಬರೋದು.”

ಹಣೆ ಹತ್ತಿರ ಬಂತು. “ಬಾವಿ ಇಲ್ದೆ ನೀರು ಬರ್ತದೆ ಅನ್ನು. ಇಪ್ಪತ್ನಾಕು ಗಂಟೆಗೆ ಎಷ್ಟು ಬಿಂದಿಗೆ ಆದಾತು?”

ಲೆಕ್ಕ ಹಾಕಿ ಹೇಳುತ್ತೇನೆ ಎಂದಿದ್ದೇನೆ.

ಅವತ್ತು ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅದೇ ಫ್ಲೈಓವರ್ ಹತ್ತಿದೆ. ಆಕ್ಸಿಲರೇಟರ್ ನೆಲಕ್ಕೆ ಮುಟ್ಟುವಂತೆ ತುಳಿದೆ. ಎಂಜಿನ್ನು ಗರ್ಜಿಸಿತು, ಹೆಂಡತಿ ಬಾಗಿಲಿನ ಹಿಡಿ ಹಿಡಿದಳು, ಗಾಳಿ ಮಾತ್ರ ಮುಖದಿಂದ ಕದಲಲಿಲ್ಲ. ತುದಿಯಲ್ಲಿ ಮಗಳು, “ಅಪ್ಪ, ನನಗೆ ಚಳಿ” ಎಂದಳು. ಟೆಕ್ಸಾಸಿನ ಬೇಸಿಗೆಯಲ್ಲಿ ನನ್ನ ಕೈಯಾರೆ ಮಗಳಿಗೆ ಚಳಿ ಹುಟ್ಟಿಸಿದ್ದೇನೆ. ಗಾಳಿ ಬೇರೆ ಕಡೆ ತಿರುಗಿಸಲು ಗುಂಡಿಯನ್ನು ಕಾಲಿನ ಕಡೆಗೆ ಹಾಕಿದೆ. ಅದು ಗಾಜಿಗೆ ಹೋಯಿತು.

ಗಾಲ್ಫ್ ಟೀ ಇನ್ನೂ ಅಲ್ಲೇ ಇದೆ. ಕಾಲಿನ ಬಾಗಿಲು ರಿಪೇರಿಯಾಗಿಲ್ಲ, ಹೀಟರಿನ ಪೆಟ್ಟಿಗೆ ಇಳಿಸುವ ಧೈರ್ಯ ನನಗೂ ಇಲ್ಲ, ಹೆಂಡತಿಗೂ ಇಲ್ಲ. ಚಳಿಗಾಲಕ್ಕೆಂದು ಎರಡು ಜೊತೆ ಉಣ್ಣೆಯ ಕಾಲುಚೀಲ ತಂದು ಟ್ರಕ್ಕಿನಲ್ಲಿಟ್ಟಿದ್ದೇನೆ.

ಚೆಕ್ ವಾಲ್ವ್ ಎರಡು ಕೊಂಡಿದ್ದೆ, ಒಂದು ಮಿಕ್ಕಿದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ಕಾಲದ ಗಾಡಿ ಇದ್ದು, ಏರು ಹತ್ತುವಾಗ ಗಾಳಿ ಮುಖ ತಿರುಗಿಸುತ್ತಿದ್ದರೆ ಡ್ಯಾಶ್‌ಬೋರ್ಡಿಗೆ ಕೈಹಾಕುವ ಮೊದಲು ಒಂದು ಮಾತು ತಿಳಿಸಿ, ಕಳಿಸಿಕೊಡುತ್ತೇನೆ. ಅಂಚೆಯ ಖರ್ಚು ನಿಮ್ಮದು.